ಒಂದೇ ಸರ್ಕಾರಿ ಬ್ಯಾಂಕಿನ ಮೂರು ಬಾಂಡ್: ಯಾವುದು ಎಷ್ಟು ಭದ್ರ?

ಪ್ರಶ್ನೆ: ಹೆದ್ದಾರಿ ಅಗಲೀಕರಣಕ್ಕೆ ನಮ್ಮ ಜಮೀನು ಹೋಗಿ ಪರಿಹಾರದ ಹಣ ಬಂದಿದೆ. ಅದರಲ್ಲಿ ನನ್ನ ಪಾಲು ಒಂದೂವರೆ ಕೋಟಿಗಿಂತ ಸ್ವಲ್ಪ ಹೆಚ್ಚು. ನನಗೆ 61 ವರ್ಷ, ಪಿಂಚಣಿ ಇಲ್ಲ, ಬಡ್ಡಿಯಲ್ಲೇ ಸಂಸಾರ ನಡೆಯಬೇಕು. ಹೂಡಿಕೆ ಸಲಹೆಗಾರರೊಬ್ಬರು ಒಂದೇ ಸರ್ಕಾರಿ ಬ್ಯಾಂಕಿನ ಮೂರು ಬಾಂಡ್ ತೋರಿಸಿದ್ದಾರೆ: ಮೂಲಸೌಕರ್ಯ ಬಾಂಡ್ (ಎಎಎ, 7.1%), ಟಿಯರ್ 2 (ಎಎಎ, 7.3%), ಎಟಿ1 (ಎಎ+, 8%). "ಮೂರಕ್ಕೂ ಸರ್ಕಾರದ್ದೇ ಬೆಂಬಲ ಸಾರ್, ಹೆಚ್ಚು ಬಡ್ಡಿ ಇರೋದನ್ನೇ ತಗೊಳ್ಳಿ" ಎನ್ನುತ್ತಾರೆ. ಮೂರೂ ಒಂದೇ ಬ್ಯಾಂಕಿನವಾದರೆ ರೇಟಿಂಗ್ ಬೇರೆ ಏಕೆ? ಬ್ಯಾಂಕಿನ ಸಾಲಪತ್ರ ಭದ್ರವೇ ಅಲ್ಲವೇ ಎಂದು ನಮ್ಮಂಥವರು ನೋಡುವುದು ಹೇಗೆ? — ಹಾಸನ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪರಿಸ್ಥಿತಿಗೆ ಎಟಿ1 ಬಾಂಡ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬ್ಯಾಂಕ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಅದು ಯಾವ ಬ್ಯಾಂಕೆಂದು ನೀವು ಬರೆದೂ ಇಲ್ಲ. ಬ್ಯಾಂಕ್ ಚೆನ್ನಾಗಿದ್ದೂ ಬಾಂಡ್‌ನ ಬಡ್ಡಿ ನಿಲ್ಲಬಹುದಾದ ಕಾಗದ ಅದು. ಹೇಗೆಂದು ನೋಡೋಣ.

"ಸರ್ಕಾರದ ಬೆಂಬಲ" ಎನ್ನುವಾಗ ನಿಮ್ಮ ಸಲಹೆಗಾರರು ಎರಡು ಬೇರೆ ಸಂಗತಿಗಳನ್ನು ಒಂದು ಮಾಡಿದ್ದಾರೆ. ಅಂಚೆ ಕಚೇರಿಯ ಉಳಿತಾಯ ಖಾತೆಯ ಹಣ ನೇರವಾಗಿ ಭಾರತ ಸರ್ಕಾರದ ಹೊಣೆ. ಅದರ ಹಿಂದೆ 1873ರ ಸರ್ಕಾರಿ ಉಳಿತಾಯ ಕಾಯ್ದೆ ಇದೆ. ಸರ್ಕಾರಿ ಬ್ಯಾಂಕಿನ ಬಾಂಡ್ ಹಾಗಲ್ಲ, ಅದು ಬ್ಯಾಂಕಿನ ಸಾಲ. ಸರ್ಕಾರ ಆ ಬ್ಯಾಂಕಿನ ದೊಡ್ಡ ಷೇರುದಾರ ಅಷ್ಟೇ. 1970ರ ರಾಷ್ಟ್ರೀಕರಣದ ಕಾಯ್ದೆ ಸರ್ಕಾರದ ಪಾಲು 51%ಕ್ಕಿಂತ ಕೆಳಗೆ ಇಳಿಯಬಾರದು ಎನ್ನುತ್ತದೆ. ಕೇಂದ್ರ ಸರ್ಕಾರದ ಆದೇಶವಿಲ್ಲದೆ ಇಂಥ ಬ್ಯಾಂಕನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡುವಂತಿಲ್ಲ ಎಂದು ಅದರ 18ನೇ ಕಲಂ ಹೇಳುತ್ತದೆ. ಇವೆರಡೂ ದೊಡ್ಡ ರಕ್ಷಣೆಗಳೇ. ಆದರೆ ಬ್ಯಾಂಕ್ ಹೊರಡಿಸಿದ ಬಾಂಡ್‌ನ ಅಸಲು, ಬಡ್ಡಿಯನ್ನು ಸರ್ಕಾರ ಕೊಡುತ್ತದೆ ಎಂಬ ಮಾತು ಆ ಕಾಯ್ದೆಯಲ್ಲಿ ಇಲ್ಲ.

ಇನ್ನೊಂದು ಸೂಕ್ಷ್ಮ ಸಂಗತಿಯನ್ನು ಮಾರುವವರು ಯಾರೂ ಹೇಳುವುದಿಲ್ಲ. ಟಿಯರ್ 2 ಮತ್ತು ಎಟಿ1 ಬಾಂಡ್‌ಗಳು ಬ್ಯಾಂಕಿನ ಬಂಡವಾಳದ ಲೆಕ್ಕಕ್ಕೆ ಸೇರುವಂಥವು. ಹಾಗೆ ಸೇರಬೇಕಾದರೆ ಅವುಗಳಿಗೆ ಯಾವ ಅಡಮಾನವೂ ಇರಬಾರದು, ಬ್ಯಾಂಕಾಗಲಿ ಅದಕ್ಕೆ ಸಂಬಂಧಪಟ್ಟ ಸಂಸ್ಥೆಯಾಗಲಿ ಖಾತ್ರಿ ಕೊಟ್ಟಿರಬಾರದು ಎಂಬುದು ಬಾಸೆಲ್ 3 ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಬಂಡವಾಳದ ನಿಯಮ. ನಷ್ಟ ಬಂದರೆ ಹೊರಬೇಕೆಂದೇ ಹುಟ್ಟಿಸಿದ ಕಾಗದಕ್ಕೆ ಖಾತ್ರಿ ಕೊಟ್ಟರೆ ಹುಟ್ಟಿಸಿದ ಉದ್ದೇಶವೇ ಹಾಳು. ಆದ್ದರಿಂದ "ಎಟಿ1ಗೂ ಸರ್ಕಾರದ ಖಾತ್ರಿ ಇದೆ" ಎಂದು ಯಾರಾದರೂ ಹೇಳಿದರೆ ಆ ಮನುಷ್ಯ ಒಂದೋ ತಿಳಿಯದವನು, ಇಲ್ಲವೇ ತಿಳಿದೂ ಹೇಳುತ್ತಿರುವವನು.

ಈಗ ನಿಮ್ಮ ಮೂರು ಕಾಗದಗಳಿಗೆ ಬರೋಣ. ಬ್ಯಾಂಕಿಗೆ ನಷ್ಟವಾದಾಗ ಅದನ್ನು ಹೊರುವ ಸರದಿ ಮೊದಲೇ ಬರೆದಿಟ್ಟಿರುತ್ತದೆ. ಮೊದಲು ಷೇರುದಾರರು, ಆಮೇಲೆ ಎಟಿ1, ಆಮೇಲೆ ಟಿಯರ್ 2, ಅದಾದ ಮೇಲೆ ಬ್ಯಾಂಕಿಗೆ ಸಾಮಾನ್ಯ ಸಾಲ ಕೊಟ್ಟವರು ಮತ್ತು ಠೇವಣಿದಾರರು. ಮೂಲಸೌಕರ್ಯ ಬಾಂಡ್ ಈ ಕೊನೆಯ ಗುಂಪಿಗೆ ಸೇರಿದ್ದು. ರಸ್ತೆ, ವಿದ್ಯುತ್, ಕಡಿಮೆ ಬೆಲೆಯ ಮನೆಗಳಿಗೆ ದೀರ್ಘಾವಧಿ ಸಾಲ ಕೊಡಲೆಂದು 2014ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಅವಕಾಶ ಕೊಟ್ಟಿತು. ಅವಧಿ ಕನಿಷ್ಠ 7 ವರ್ಷ. ಈ ಹಣಕ್ಕೆ, ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ, ಸರ್ಕಾರಿ ಸಾಲಪತ್ರಗಳಲ್ಲಿ ಎತ್ತಿಡಬೇಕೆಂಬ ಸಿಆರ್‌ಆರ್, ಎಸ್‌ಎಲ್‌ಆರ್ ಕಟ್ಟುಪಾಡು ಇಲ್ಲದ್ದರಿಂದ ಬ್ಯಾಂಕಿಗೂ ಲಾಭ. ಬಡ್ಡಿ ನಿಲ್ಲಿಸುವ, ಅಸಲು ಅಳಿಸುವ ಷರತ್ತು ಇದರಲ್ಲಿ ಇರುವುದಿಲ್ಲ. ಬ್ಯಾಂಕ್ ಬಡ್ಡಿ ತಪ್ಪಿಸಿದರೆ ಅದು ಸುಸ್ತಿಯೇ. ಸರ್ಕಾರಿ ಬ್ಯಾಂಕ್ ಹಾಗೆ ಸುಸ್ತಿಯಾದರೆ ಮರುದಿನ ಠೇವಣಿದಾರರು ಶಾಖೆಗಳ ಮುಂದೆ ಸಾಲುಗಟ್ಟುತ್ತಾರೆ. ಯಾವ ಸರ್ಕಾರವೂ ಅದಕ್ಕೆ ಬಿಡಲಾರದು. ಹೀಗಾಗಿ ಇಲ್ಲಿ ಕಾನೂನಿನ ಖಾತ್ರಿ ಇಲ್ಲದಿದ್ದರೂ ರಾಜಕೀಯದ ಅನಿವಾರ್ಯತೆ ಇದೆ. ನನ್ನ ಲೆಕ್ಕದಲ್ಲಿ ಅದಕ್ಕೆ ತೂಕ ಇದೆ.

ಟಿಯರ್ 2 ಸಾಮಾನ್ಯವಾಗಿ 10 ವರ್ಷದ್ದು, ಹಲವು ಸಲ 5 ವರ್ಷದ ನಂತರ ಬ್ಯಾಂಕ್ ವಾಪಸ್ ಪಡೆಯಬಹುದು ಎಂಬ ಕಾಲ್ ಷರತ್ತಿನೊಂದಿಗೆ ಬರುತ್ತದೆ. ಬಡ್ಡಿಯನ್ನು ಬ್ಯಾಂಕ್ ತನ್ನ ಇಷ್ಟದಂತೆ ನಿಲ್ಲಿಸುವಂತಿಲ್ಲ. ಆದರೆ "ಬ್ಯಾಂಕ್ ಇನ್ನು ತನ್ನ ಕಾಲ ಮೇಲೆ ನಿಲ್ಲಲಾರದು" ಎಂದು ರಿಸರ್ವ್ ಬ್ಯಾಂಕ್ ನಿರ್ಧರಿಸಿದರೆ ಅಸಲೇ ಅಳಿಸಿಹೋಗಬಹುದು. ಇದು ಬರೀ ಕಾಗದದ ಮಾತೆಂದು ಅಂದುಕೊಂಡಿದ್ದವರಿಗೆ 2020ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಜೊತೆ ವಿಲೀನ ಮಾಡುವ ಮುನ್ನ ಅದರ ₹318.2 ಕೋಟಿಯ ಟಿಯರ್ 2 ಬಾಂಡ್‌ಗಳನ್ನು ಪೂರ್ತಿ ಅಳಿಸಲಾಯಿತು. ಠೇವಣಿದಾರರಿಗೆ ಒಂದು ಪೈಸೆಯೂ ನಷ್ಟವಾಗಲಿಲ್ಲ.

ಇನ್ನು ಎಟಿ1. ಇದಕ್ಕೆ ಅವಧಿಯೇ ಇಲ್ಲ. 5 ವರ್ಷದ ನಂತರ ಬ್ಯಾಂಕ್ ವಾಪಸ್ ಪಡೆಯಬಹುದು, ಅದೂ ರಿಸರ್ವ್ ಬ್ಯಾಂಕಿನ ಅನುಮತಿ ಸಿಕ್ಕರೆ, ಬ್ಯಾಂಕಿಗೆ ಮನಸ್ಸಿದ್ದರೆ. "ಐದು ವರ್ಷದ ಬಾಂಡ್" ಎಂದು ನಿಮಗೆ ಹೇಳಿದ್ದರೆ ಆ ಮಾತೇ ತಪ್ಪು. ಬಡ್ಡಿಯನ್ನು ಆ ವರ್ಷದ ಲಾಭದಿಂದ ಕೊಡಬೇಕು, ಸಾಲದಿದ್ದರೆ ಹಿಂದಿನ ಲಾಭಗಳಿಂದ ಕಟ್ಟಿಟ್ಟ ಮೀಸಲು ನಿಧಿಯಿಂದ. ಬ್ಯಾಂಕ್ ಬೇಡವೆಂದರೆ ಬಡ್ಡಿ ಇಲ್ಲ, ಮುಂದೆ ಅದನ್ನು ಕೂಡಿಸಿಕೊಡುವುದೂ ಇಲ್ಲ. ಹೋದದ್ದು ಹೋಯಿತು, ಅದನ್ನು ಸುಸ್ತಿ ಎನ್ನುವಂತೆಯೂ ಇಲ್ಲ. ಬ್ಯಾಂಕಿನ ಮೂಲ ಬಂಡವಾಳ, ಅಂದರೆ ಸಿಇಟಿ1, ಅಪಾಯದ ತೂಕ ಹಾಕಿದ ಆಸ್ತಿಯ (ಹೆಚ್ಚು ಅಪಾಯದ ಸಾಲಕ್ಕೆ ಹೆಚ್ಚು ತೂಕ ಕೊಟ್ಟು ಕೂಡಿದ ಮೊತ್ತದ) 6.125%ಕ್ಕಿಂತ ಕೆಳಗಿಳಿದರೆ ಅಸಲಿಗೂ ಕತ್ತರಿ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ₹8,415 ಕೋಟಿಯ ಎಟಿ1 ಒಂದೇ ಪ್ರಕಟಣೆಯಲ್ಲಿ ಸೊನ್ನೆಯಾಯಿತು. ಷೇರುದಾರರ ಷೇರು ಮಾತ್ರ ಉಳಿದಿತ್ತು! ಬರೆದಿಟ್ಟ ಸರದಿಯೇ ತಲೆಕೆಳಗಾದಂತಾಗಿ, ಹೂಡಿಕೆದಾರರು ಕೋರ್ಟ್ ಹತ್ತಿದರು. ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ಆ ಕ್ರಮವನ್ನು ರದ್ದುಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಬಾಂಡನ್ನು ಸಾಮಾನ್ಯ ಗ್ರಾಹಕರಿಗೆ "ಸೂಪರ್ ಎಫ್‌ಡಿ" ಎಂದು ಮಾರಲಾಗಿತ್ತು ಎಂಬುದು ಷೇರು, ಬಾಂಡ್ ಮಾರುಕಟ್ಟೆಯ ನಿಯಂತ್ರಕ ಸೆಬಿಯ 2021ರ ಆದೇಶದಲ್ಲಿದೆ.

"ಅವೆರಡೂ ಖಾಸಗಿ ಬ್ಯಾಂಕು, ಸರ್ಕಾರಿ ಬ್ಯಾಂಕಲ್ಲಿ ಹಾಗಾಗಲ್ಲ" ಎಂದು ನಿಮ್ಮ ಸಲಹೆಗಾರರು ವಾದಿಸಬಹುದು. ಅದು ಒಪ್ಪಬೇಕಾದ ವಾದವೇ. ಸರ್ಕಾರಿ ಬ್ಯಾಂಕಿನ ಎಟಿ1 ಯೆಸ್ ಬ್ಯಾಂಕಿನದರಂತೆ ಅಳಿಸಿಹೋದ ಉದಾಹರಣೆ ಇಲ್ಲ. 2018ರಲ್ಲಿ 21 ಸರ್ಕಾರಿ ಬ್ಯಾಂಕುಗಳಲ್ಲಿ 11 ದುರ್ಬಲ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕ್ ಹೇರುವ ಪಿಸಿಎ ನಿರ್ಬಂಧದ ಅಡಿಯಲ್ಲಿದ್ದವು, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಸೇರಿ. ಆಗ ಅವುಗಳ ಎಟಿ1 ಬಡ್ಡಿ ಕೊಡಲು ಲಾಭವೇ ಇರಲಿಲ್ಲ. ಸರ್ಕಾರ 2017ರ ಅಕ್ಟೋಬರ್‌ನಲ್ಲಿ ₹2.11 ಲಕ್ಷ ಕೋಟಿಯ ಮರುಬಂಡವಾಳ ಯೋಜನೆ ಘೋಷಿಸಿತು, ಅದರಲ್ಲಿ ₹1.35 ಲಕ್ಷ ಕೋಟಿ ಬಾಂಡ್ ರೂಪದಲ್ಲಿ. ಕೆಲವು ಬ್ಯಾಂಕುಗಳು ನಿಯಮ ಬದಲಾವಣೆಯ ಷರತ್ತು ಬಳಸಿ ತಮ್ಮ ಎಟಿ1 ಬಾಂಡ್‌ಗಳನ್ನು ಅವಧಿಗೆ ಮುಂಚೆಯೇ ವಾಪಸ್ ಪಡೆದು ಹಣ ಕೊಟ್ಟವು. ಆಮೇಲೆ ಹಲವು ಬ್ಯಾಂಕುಗಳು ಷೇರು ಪ್ರೀಮಿಯಂ ಖಾತೆಯಿಂದ ಹಳೆಯ ಸಂಚಿತ ನಷ್ಟ ತೊಡೆದುಹಾಕಿದವು. ಅದರಿಂದ ಎಟಿ1 ಬಡ್ಡಿ ಕೊಡುವ ದಾರಿ ಸಲೀಸಾಯಿತು. ಒಟ್ಟಿನಲ್ಲಿ ಬಾಂಡ್ ಇಟ್ಟುಕೊಂಡವರನ್ನು ದಡ ಸೇರಿಸಿದರು.

ಆದರೆ ಅದು ಆಗಿನ ನಿರ್ಧಾರ. ಬಾಂಡ್ ಕಾಗದದಲ್ಲಿ ಬರೆದಿರುವುದು ಬೇರೆ. ಬ್ಯಾಂಕ್ ನಿಲ್ಲಲಾರದ ಸ್ಥಿತಿ ಮುಟ್ಟಿತು ಎನ್ನಲು ಎರಡು ದಾರಿಗಳಿವೆ. ಅಳಿಸದೆ ವಿಧಿಯಿಲ್ಲ ಎಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸುವುದು ಒಂದು. ಸಾರ್ವಜನಿಕ ಹಣ ಹಾಕದಿದ್ದರೆ ಬ್ಯಾಂಕ್ ಉಳಿಯದು ಎಂದು ತೀರ್ಮಾನವಾಗಿ ಹಣ ಹಾಕಲು ಹೊರಡುವುದು ಇನ್ನೊಂದು. ಎರಡನೆಯದರಲ್ಲಿ ಸರ್ಕಾರದ ಹಣ ಒಳಗೆ ಬರುವ ಮುಂಚೆಯೇ ಬಾಂಡ್ ಅಳಿಯಬೇಕು. ಎಂದರೆ ಸರ್ಕಾರ ಬ್ಯಾಂಕಿನ ಕೈಹಿಡಿಯುವ ಗಳಿಗೆಯೇ ನಿಮ್ಮ ಬಾಂಡ್‌ನ ಕೊನೆಯ ಗಳಿಗೆ ಆಗಬಹುದು. 2017-18ರ ಹಣವನ್ನು ಒಡೆಯನು ತನ್ನ ಬ್ಯಾಂಕಿಗೆ ಎಂದಿನಂತೆ ಹಾಕುವ ಬಂಡವಾಳ ಎಂದು ನೋಡಿದರು, ಈ ಷರತ್ತನ್ನು ಎಳೆದು ತರಲಿಲ್ಲ. ಮುಂದೆಯೂ ಹಾಗೇ ನೋಡುತ್ತಾರೆಂಬುದು ನಂಬಿಕೆ, ಬಹುಶಃ ಸರಿಯಾದ ನಂಬಿಕೆಯೇ. ಆದರೂ 8% ಮತ್ತು 7.1%ರ ನಡುವಿನ 0.9% ಅಂತರ ಆ ನಂಬಿಕೆಯ ಬಾಡಿಗೆ ಎಂಬುದು ನೆನಪಿರಲಿ.

ಉಳಿತಾಯ ಬ್ಯಾಂಕುಗಳ ತವರಾದ ಜರ್ಮನಿಯಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತ್ತು. ಅಲ್ಲಿನ ಶ್ಪಾರ್ಕಾಸೆ ಎಂಬ ಉಳಿತಾಯ ಬ್ಯಾಂಕುಗಳ, ರಾಜ್ಯಗಳ ಒಡೆತನದ ಲಾಂಡೆಸ್‌ಬ್ಯಾಂಕುಗಳ ಸಾಲಕ್ಕೆ ಒಡೆಯರ ಲಿಖಿತ ಖಾತ್ರಿಯೇ ಇತ್ತು. ಐರೋಪ್ಯ ಒಕ್ಕೂಟದ ಒತ್ತಡಕ್ಕೆ ಹೊಸ ಸಾಲಗಳಿಗೆ ಆ ಖಾತ್ರಿ 2005ರ ಜುಲೈ 18ರಂದು ನಿಂತಿತು. ಹಳೆಯ ಸಾಲಗಳಿಗೆ ಒಂದಷ್ಟು ವರ್ಷ ಮುಂದುವರಿಯಿತು. ಒಡೆತನ ಬದಲಾಗಿರಲಿಲ್ಲ, ಬದಲಾದದ್ದು ಖಾತ್ರಿ ಮಾತ್ರ. ಆದರೂ ರೇಟಿಂಗ್‌ಗಳು ಇಳಿದವು. ಲಿಖಿತ ಖಾತ್ರಿಯೂ ಕೊಟ್ಟವನ ಕಿಸೆ ಇದ್ದಷ್ಟೇ. ಆಸ್ಟ್ರಿಯಾದ ಕ್ಯಾರಿಂಥಿಯಾ ರಾಜ್ಯ ಹೈಪೋ ಆಲ್ಪೆ ಆಡ್ರಿಯಾ ಬ್ಯಾಂಕಿನ ಸಾಲಕ್ಕೆ ತನ್ನ ಶಕ್ತಿ ಮೀರಿ ಖಾತ್ರಿ ನಿಂತಿತ್ತು. ಕೊನೆಗೆ 2016ರಲ್ಲಿ ಸಾಲ ಕೊಟ್ಟವರು ಸುಮಾರು 90%ಕ್ಕೆ ಒಪ್ಪಿಕೊಳ್ಳಬೇಕಾಯಿತು. ನಮ್ಮಲ್ಲಿ ರಾಜ್ಯ ಸರ್ಕಾರದ ಖಾತ್ರಿ ಎಂದು ಬರುವ ನಿಗಮಗಳ ಬಾಂಡ್ ನೋಡುವಾಗಲೂ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಬ್ಯಾಂಕನ್ನು ನೋಡುವುದು ಹೇಗೆ?

ರೇಟಿಂಗ್ ಸಂಸ್ಥೆಯ ಪ್ರಕಟಣೆಯಲ್ಲಿ ಎಎಎ ಎಂಬ ಮೂರು ಅಕ್ಷರದಲ್ಲೇ ನಿಲ್ಲಬೇಡಿ. ಕಾರಣಗಳ ಭಾಗ ಓದಿ. "ಸರ್ಕಾರದ ಬೆಂಬಲದ ನಿರೀಕ್ಷೆ" ಎಂಬ ಸಾಲು ಎಷ್ಟು ಸಲ ಬರುತ್ತದೆ, ಬ್ಯಾಂಕಿನ ಸ್ವಂತ ಬಲದ ಬಗ್ಗೆ ಏನಿದೆ ಎಂದು ಬೇರೆ ಮಾಡಿ ನೋಡಿ. ಫಿಚ್‌ನಂಥ ವಿದೇಶಿ ಸಂಸ್ಥೆಗಳು ಇವೆರಡಕ್ಕೂ ಪ್ರತ್ಯೇಕ ಅಂಕವನ್ನೇ ಕೊಡುತ್ತವೆ. ನಮ್ಮ ಸರ್ಕಾರಿ ಬ್ಯಾಂಕುಗಳ ವಿಷಯದಲ್ಲಿ ಸ್ವಂತ ಬಲದ ಅಂಕ ಬೆಂಬಲದ ಅಂಕಕ್ಕಿಂತ ಕೆಳಗಿರುವುದೇ ವಾಡಿಕೆ. ಇನ್ನು ಇಲ್ಲಿನ ಎಎಎ ದೇಶದೊಳಗಿನ ಅಳತೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಭಾರತ ಸರ್ಕಾರದ್ದೇ ಬಿಬಿಬಿ ವರ್ಗದ ರೇಟಿಂಗ್.

ಆಮೇಲೆ ಬ್ಯಾಂಕಿನ ಜಾಲತಾಣದಲ್ಲಿ ತ್ರೈಮಾಸಿಕ ಫಲಿತಾಂಶ ಮತ್ತು ಬಾಸೆಲ್ 3 ಪ್ರಕಟಣೆ ತೆರೆಯಿರಿ. ಅದರಲ್ಲಿ ನೂರು ಅಂಕಿಗಳಿರುತ್ತವೆ. ನಾನು ಮೊದಲು ಹುಡುಕುವುದು ಸಿಇಟಿ1, ಪ್ರೊವಿಷನ್‌ಗೆ ಮುಂಚಿನ (ಕೆಟ್ಟ ಸಾಲಕ್ಕೆಂದು ಹಣ ಎತ್ತಿಡುವ ಮುನ್ನಿನ) ಲಾಭ, ಮತ್ತು ಆ ತ್ರೈಮಾಸಿಕದಲ್ಲಿ ಮರುಪಾವತಿ ನಿಂತು ಹೊಸದಾಗಿ ಎನ್‌ಪಿಎ ಆದ ಸಾಲ. ಈ ಮೂರು ಹೇಗೆ ಒಂದಕ್ಕೊಂದು ತಗುಲುತ್ತವೆ ಎಂದು ಒಂದು ಕಾಲ್ಪನಿಕ ಬ್ಯಾಂಕಿನ ಲೆಕ್ಕ ಹಾಕಿ ತೋರಿಸುತ್ತೇನೆ.

ಬ್ಯಾಂಕ್ ಕೊಟ್ಟ ಸಾಲ ₹1.5 ಲಕ್ಷ ಕೋಟಿ, ಅಪಾಯದ ತೂಕ ಹಾಕಿದ ಆಸ್ತಿ ₹1 ಲಕ್ಷ ಕೋಟಿ, ಸಿಇಟಿ1 ₹12,000 ಕೋಟಿ, ಅಂದರೆ 12% ಎಂದಿಟ್ಟುಕೊಳ್ಳಿ. 2018ರಂಥ ಕೆಟ್ಟ ಕಾಲ ಬಂತು. ಸಾಲದ 14%, ಅಂದರೆ ₹21,000 ಕೋಟಿ, ಎನ್‌ಪಿಎ ಆಯಿತು. ಅದರಲ್ಲಿ ಅರ್ಧ ವಸೂಲಾಗಲಿಲ್ಲ. ನಷ್ಟ ₹10,500 ಕೋಟಿ, ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹3,500 ಕೋಟಿ. ಬ್ಯಾಂಕಿನ ಪ್ರೊವಿಷನ್‌ಗೆ ಮುಂಚಿನ ಲಾಭ ವರ್ಷಕ್ಕೆ ₹2,500 ಕೋಟಿ ಇದ್ದರೆ ಬಂಡವಾಳಕ್ಕೆ ಬೀಳುವ ಹೊಡೆತ ವರ್ಷಕ್ಕೆ ₹1,000 ಕೋಟಿ. ಮೂರು ವರ್ಷದ ನಂತರ ಸಿಇಟಿ1 9%. ಬ್ಯಾಂಕ್ ಬದುಕಿತು. ಅದೇ ಲಾಭ ₹1,500 ಕೋಟಿ ಮಾತ್ರ ಇದ್ದರೆ? ಹೊಡೆತ ವರ್ಷಕ್ಕೆ ₹2,000 ಕೋಟಿ. ಸಿಇಟಿ1 ಮೊದಲ ವರ್ಷ 10%, ಎರಡನೇ ವರ್ಷ 8%, ಮೂರನೇ ವರ್ಷ 6%. ಎಟಿ1 ಅಳಿಸುವ 6.125%ರ ಗೆರೆ ದಾಟಿ ಕೆಳಗೆ. ಎರಡೂ ಬ್ಯಾಂಕುಗಳು ಹೊರಟದ್ದು ಒಂದೇ 12%ನಿಂದ, ಎರಡಕ್ಕೂ ಹಾಳಾದ ಸಾಲ ಅಷ್ಟೇ. ವ್ಯತ್ಯಾಸ ಮಾಡಿದ್ದು ದಿನನಿತ್ಯದ ವ್ಯವಹಾರದ ಲಾಭ. ಉಳಿತಾಯ ಖಾತೆ, ಚಾಲ್ತಿ ಖಾತೆಗಳ ಅಗ್ಗದ ಹಣ ಎಷ್ಟಿದೆ ಎಂದು ಎಲ್ಲರೂ ಕೇಳುವುದು ಇದಕ್ಕೇ. ಆ ಲಾಭ ಹುಟ್ಟುವ ಜಾಗ ಅದು.

ಬದುಕಿದ ಬ್ಯಾಂಕನ್ನು ಇನ್ನೊಮ್ಮೆ ನೋಡಿ. ಅದು ಮೂರು ವರ್ಷವೂ ₹1,000 ಕೋಟಿ ನಷ್ಟ ತೋರಿಸಿದೆ. ಎಟಿ1 ಬಡ್ಡಿಗೆ ಆ ವರ್ಷಗಳ ಲಾಭ ಇಲ್ಲ, ಮೀಸಲಿನಿಂದ ತೆಗೆಯಬೇಕು. ಬ್ಯಾಂಕ್ ಭದ್ರ, ಠೇವಣಿ ಭದ್ರ, ಮೂಲಸೌಕರ್ಯ ಬಾಂಡ್ ಭದ್ರ, ಎಟಿ1 ಇಟ್ಟುಕೊಂಡವರು ಮಾತ್ರ ಪ್ರತಿ ವರ್ಷ ಆಡಳಿತ ಮಂಡಳಿಯ ನಿರ್ಧಾರ ಕಾಯುತ್ತಾ ಕೂರಬೇಕು. ಅದೂ ಅಲ್ಲದೆ ಸಿಇಟಿ1 8%ಕ್ಕಿಂತ ಕೆಳಗಿಳಿದರೆ ಲಾಭಾಂಶ, ಎಟಿ1 ಬಡ್ಡಿ ಮುಂತಾದವುಗಳಿಗೆ ಹಂಚುವುದಕ್ಕೆ ಹಂತಹಂತವಾಗಿ ಮಿತಿ ಬೀಳುತ್ತದೆ. ಬಡ್ಡಿಯಲ್ಲೇ ಸಂಸಾರ ನಡೆಸುವವರಿಗೆ ಇದು ಹೊಂದುವ ಕಾಗದ ಅಲ್ಲ ಎಂದದ್ದು ಇದಕ್ಕೆ.

ಈಗಿನ ಕಾಲ ಒಳ್ಳೆಯದು, ಅದನ್ನೂ ಹೇಳಬೇಕು. ಸರ್ಕಾರಿ ಬ್ಯಾಂಕುಗಳ ಒಟ್ಟು ಎನ್‌ಪಿಎ 2018ರ ಮಾರ್ಚ್‌ನಲ್ಲಿ 14.6%ರ ಹತ್ತಿರ ಇದ್ದದ್ದು 2025ರ ಮಾರ್ಚ್‌ಗೆ 2.6%ರ ಆಸುಪಾಸಿಗೆ ಬಂದಿದೆ. ಆದರೆ ಒಳ್ಳೆಯ ಕಾಲದ ಎನ್‌ಪಿಎ ಅಂಕಿ ನೋಡಿ ಹತ್ತು ವರ್ಷದ ಸಾಲ ಕೊಡಬೇಡಿ. ಸಾಲ ವೇಗವಾಗಿ ಬೆಳೆಯುವಾಗ ಎನ್‌ಪಿಎ ಶೇಕಡಾವಾರು ತಾನಾಗಿಯೇ ಚಿಕ್ಕದಾಗಿ ಕಾಣುತ್ತದೆ, ಹಳೆಯ ಕೆಟ್ಟ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದಾಗಲೂ ಇಳಿಯುತ್ತದೆ. ಹೊಸದಾಗಿ ಹಾಳಾದ ಸಾಲ ಎಷ್ಟು, ಕಂತು 30 ದಿನಕ್ಕಿಂತ ಹೆಚ್ಚು ತಡವಾದ ದೊಡ್ಡ ಖಾತೆಗಳು ಎಷ್ಟು ಎಂಬ ಅಂಕಿಗಳು ಮೋಸ ಮಾಡುವುದು ಕಡಿಮೆ.

ಒಡೆತನವೂ ಶಾಶ್ವತವಲ್ಲ. ಐಡಿಬಿಐ ಬ್ಯಾಂಕಿನಲ್ಲಿ ಎಲ್‌ಐಸಿ 51% ಪಾಲು ಪಡೆದ ಮೇಲೆ, 2019ರ ಜನವರಿಯಿಂದ ಅನ್ವಯವಾಗುವಂತೆ ರಿಸರ್ವ್ ಬ್ಯಾಂಕ್ ಅದನ್ನು ಖಾಸಗಿ ಬ್ಯಾಂಕ್ ಎಂದು ವರ್ಗೀಕರಿಸಿತು. ಎರಡು ಸರ್ಕಾರಿ ಬ್ಯಾಂಕುಗಳನ್ನು ಖಾಸಗಿಗೆ ಕೊಡುವ ಮಾತು 2021ರ ಬಜೆಟ್‌ನಲ್ಲೇ ಬಂದಿತ್ತು. ವಿಲೀನಕ್ಕೆ ಮಾತ್ರ ಅಷ್ಟು ಹೆದರಬೇಕಿಲ್ಲ. ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹೆಸರು ಹೋಯಿತೆಂಬ ಸಂಕಟ ನಮಗೆ ಉಳಿಯಿತು, ಬಾಂಡ್ ಇದ್ದವರಿಗೆ ಸಾಲಗಾರನ ಹೆಸರು ಬದಲಾಯಿತು ಅಷ್ಟೇ. ಸೇರಿಸಿಕೊಂಡ ಬ್ಯಾಂಕೇ ಹೊಣೆ ಹೊತ್ತಿತು.

ನಿಮ್ಮ ಒಂದೂವರೆ ಕೋಟಿಗೆ ಬರೋಣ. ಎಟಿ1 ವಹಿವಾಟಿನ ಕನಿಷ್ಠ ಮೊತ್ತವೇ ₹1 ಕೋಟಿ. 2020ರಲ್ಲಿ ಸೆಬಿ ಹೀಗೆ ಮಾಡಿದ್ದು, ಹೊಸ ಬಾಂಡನ್ನು ಸಂಸ್ಥೆಗಳಿಗೆ ಮಾತ್ರ ಕೊಡಬೇಕು ಎಂದದ್ದು, ಸಣ್ಣ ಹೂಡಿಕೆದಾರರು ಇದರ ಹತ್ತಿರ ಬರಬಾರದೆಂದೇ. ಮ್ಯೂಚುವಲ್ ಫಂಡ್ ಯೋಜನೆಗಳಿಗೂ ಇಂಥ ಬಾಂಡ್‌ಗಳಲ್ಲಿ 10%ಕ್ಕಿಂತ ಹೆಚ್ಚು ಹಾಕಬಾರದೆಂದು ಮಿತಿ ಇದೆ. ಹೂಡಿಕೆಯನ್ನೇ ವೃತ್ತಿಯಾಗಿಸಿಕೊಂಡವರಿಗೆ 10%ರ ಮಿತಿ ಇರುವಾಗ ನೀವು ಕೈಲಿರುವ ಹಣದ ಮೂರರಲ್ಲಿ ಎರಡು ಪಾಲನ್ನು ಒಂದೇ ಕಾಗದಕ್ಕೆ ಹಾಕುವುದು ಹೇಗೆ? ಸಿಗುವ ಹೆಚ್ಚುವರಿ ಬಡ್ಡಿ ಕೋಟಿಗೆ ವರ್ಷಕ್ಕೆ ₹90,000, ಅದಕ್ಕೂ ನಿಮ್ಮ ಸ್ಲ್ಯಾಬ್‌ನಂತೆ ತೆರಿಗೆ.

ಮೂಲಸೌಕರ್ಯ ಬಾಂಡ್ ಒಂದಷ್ಟು ಭಾಗಕ್ಕೆ ಸರಿ, ಹತ್ತು ವರ್ಷ ಮುಟ್ಟುವುದಿಲ್ಲ ಎನ್ನುವಷ್ಟು ಹಣಕ್ಕೆ ಮಾತ್ರ. ಮಧ್ಯದಲ್ಲಿ ಮಾರಲು ಹೋದರೆ ಕೊಳ್ಳುವವರು ಕಡಿಮೆ, ಆಗಿನ ಬಡ್ಡಿ ದರ ಏರಿದ್ದರೆ ಬೆಲೆಯೂ ಇಳಿದಿರುತ್ತದೆ. ಟಿಯರ್ 2ನಲ್ಲಿ ಸಿಗುವ ಹೆಚ್ಚುವರಿ 0.2% ಆ ಅಳಿಸುವ ಷರತ್ತಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಸರ್ಕಾರಿ ಬ್ಯಾಂಕಿನ ಟಿಯರ್ 2 ಕೊಳ್ಳುವ ವಿಮಾ ಕಂಪನಿಯ ಮ್ಯಾನೇಜರ್ ಬೇರೆ ಲೆಕ್ಕ ಹಾಕಬಹುದು, ಅವರಿಗೆ ನಾಳೆಯ ದಿನಸಿ ಅದೇ ಬಡ್ಡಿಯಿಂದ ಬರಬೇಕಿಲ್ಲ. ಉಳಿದ ಹಣಕ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ತುಂಬಿಸಿ, ಗರಿಷ್ಠ ₹30 ಲಕ್ಷ. ಆಮೇಲೆ ಕೇಂದ್ರ ಸರ್ಕಾರದ್ದೇ ಬಾಂಡ್ ಬೇಕಿದ್ದರೆ ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್‌ನಲ್ಲಿ ಖಾತೆ ತೆರೆದು ನೇರವಾಗಿ ಕೊಳ್ಳಬಹುದು, ಮಧ್ಯವರ್ತಿ ಬೇಕಿಲ್ಲ. ಬ್ಯಾಂಕ್ ಠೇವಣಿ ಇಡುವುದಾದರೆ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ₹5 ಲಕ್ಷದವರೆಗೆ ಮಾತ್ರ. ಬಾಂಡ್‌ಗಳಿಗೆ ಅಷ್ಟೂ ಇಲ್ಲ.

ನಿಮ್ಮ ಸಲಹೆಗಾರರು ಮತ್ತೆ ಬಂದರೆ ಬಾಯಿಮಾತು ಬೇಡ, ಮೂರೂ ಬಾಂಡ್‌ಗಳ ಐಎಸ್‌ಐಎನ್ ಸಂಖ್ಯೆ (ಪ್ರತಿ ಬಾಂಡ್‌ಗೂ ಇರುವ ಗುರುತಿನ ಸಂಖ್ಯೆ) ಮತ್ತು ಮಾಹಿತಿ ಪತ್ರ ಕೇಳಿ. ಆ ಪತ್ರದಲ್ಲಿ ನಷ್ಟ ಹೊರುವ ಷರತ್ತು, ಬಡ್ಡಿ ಕೊಡುವ ವಿವೇಚನೆ, ಕಾಲ್ ಎಂಬ ಮೂರು ಭಾಗಗಳನ್ನು ಅವರಿಂದಲೇ ಓದಿಸಿ ಅರ್ಥ ಹೇಳಿಸಿಕೊಳ್ಳಿ. ಜೊತೆಗೆ, ಮೂರರಲ್ಲಿ ಯಾವುದನ್ನು ಮಾರಿದರೆ ಅವರಿಗೆ ಎಷ್ಟು ಉಳಿಯುತ್ತದೆ ಎಂದೂ ಸಂಕೋಚವಿಲ್ಲದೆ ಕೇಳಿ.